ನರರೋಗ ತಜ್ಞರನ್ನು ಕೇಳಿ: ಆಸ್ಪತ್ರೆಗೆ ಸೇರಿದವರ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಬ್ಬರು ನರರೋಗ ತಜ್ಞರು ಇವತ್ತು ಸಂಜೆ ನಮ್ಮ ಗುಂಪಿನಲ್ಲಿ ಉತ್ತರ ಕೊಡ್ಲಿಕ್ಕೆ ಒಪ್ಪಿದ್ದಾರೆ. ಅಡ್ಮಿಟ್ ಆಗಿರುವ ರೋಗಿಗಳ ವಿಷಯ ಮಾತ್ರ ಕೇಳಿ. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಬೇಡ. ನಿಮ್ಮ ಊರು ಹಾಕಿದ್ರೆ ಸಾಕು.

ಡಾಕ್ಟರ್: ನಮಸ್ಕಾರ. ರೋಗಿಯನ್ನು ನೋಡದೆ ನಾನು ಔಷಧಿ ಬರೆಯುವುದಿಲ್ಲ. ನೋಡುತ್ತಿರುವ ಡಾಕ್ಟರ ಹತ್ತಿರ ನೀವು ಏನು ಕೇಳಬೇಕು, ಯಾವುದಕ್ಕೆ ಕಾಯಬಾರದು ಅನ್ನುವುದನ್ನು ಹೇಳಬಲ್ಲೆ.

ಕುಂದಾಪುರ: ಸ್ಟ್ರೋಕ್ ಆದ್ರೆ ಎಷ್ಟು ಗಂಟೆ ಒಳಗೆ ಹೋಗ್ಬೇಕು ಸರ್?

ಡಾಕ್ಟರ್: ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಆದರೆ ಅದು ನೀವು ನೋಡಿದ ಹೊತ್ತಿನಿಂದ ಅಲ್ಲ, ರೋಗಿ ಕೊನೆಯದಾಗಿ ಸರಿ ಇದ್ದ ಹೊತ್ತಿನಿಂದ. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿದವರು ಬೆಳಿಗ್ಗೆ 6ಕ್ಕೆ ಬಾಯಿ ಸೊಟ್ಟ ಮಾಡಿಕೊಂಡು ಎದ್ದರೆ ನಮ್ಮ ಲೆಕ್ಕ 10ರಿಂದ ಶುರು. ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ ತೊಡೆಯಿಂದ ತಂತಿ ಹಾಕಿ ಹೆಪ್ಪು ತೆಗೆಯುವುದು ಕೆಲವರಿಗೆ 24 ಗಂಟೆಯವರೆಗೂ ಆಗುತ್ತದೆ. ಸಿಟಿ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ. ಸ್ಕ್ಯಾನ್‌ಗೆ ಮೊದಲು ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವವೂ ಆಗಿರಬಹುದು. ನಾಲಿಗೆಯಡಿ ಬಿಪಿ ಮಾತ್ರೆ ಬೇಡ. ನೀರು ಸಹ ಬೇಡ, ನುಂಗಲು ಆಗದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಪುತ್ತೂರು: ನಮ್ಮ ಅಜ್ಜನಿಗೆ ಪಾರ್ಕಿನ್ಸನ್. ಹರ್ನಿಯಾ ಆಪರೇಶನ್‌ಗೆ ಅಂತ ಅಡ್ಮಿಟ್ ಮಾಡಿದ್ದೇವೆ. ಎರಡು ದಿನದಿಂದ ಮರಗಟ್ಟಿದ ಹಾಗೆ ಮಲಗಿದ್ದಾರೆ.

ಡಾಕ್ಟರ್: ಪಾರ್ಕಿನ್ಸನ್ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ನೋಡಿ. ಮನೆಯಲ್ಲಿ 7, 11, 3, 7ಕ್ಕೆ ಕೊಡುತ್ತಿದ್ದರೆ ಅಲ್ಲಿಯೂ ಅದೇ ಹೊತ್ತು. ಒಮ್ಮೆಲೇ ನಿಲ್ಲಿಸುವುದು ಅಪಾಯ. ಬಾಯಿಂದ ಆಗದಿದ್ದರೆ ಮೂಗಿನ ನಳಿಕೆಯಲ್ಲಿ ಕೊಡಬಹುದು. ವಾಂತಿಗೆ ಮೆಟೊಕ್ಲೊಪ್ರಮೈಡ್ ಕೊಟ್ಟಿದ್ದರೆ ನಿಲ್ಲಿಸಲು ಕೇಳಿ, ಅದು ಈ ಕಾಯಿಲೆಯನ್ನು ಕೆರಳಿಸುತ್ತದೆ.

ಕಾಪು: ಸರ್, ನನ್ನ ತಂಗಿಗೆ ಬೆಳಿಗ್ಗೆ ಎದ್ದಾಗ ಮುಖದ ಒಂದು ಬದಿ ಮಾತ್ರ ಜೋತು ಬಿದ್ದಿತ್ತು, ಕಣ್ಣು ಮುಚ್ಚಲಿಕ್ಕೆ ಆಗ್ತಿಲ್ಲ. ಕಿವಿ ಹಿಂದೆ ನೋವು ಉಂಟು. ಇದು ಸ್ಟ್ರೋಕಾ?

ಕಾರ್ಕಳ: ಡಾಕ್ಟ್ರೇ, ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ. ಅಪ್ಪನಿಗೆ 72 ವರ್ಷ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಸೋಮವಾರ ಆಪರೇಶನ್ ಆಯ್ತು. ಮಂಗಳವಾರ ಪೇಪರ್ ಓದಿದ್ರು, ನನ್ನ ಹತ್ರ ಅಡಿಕೆ ರೇಟು ಕೇಳಿದ್ರು. ನಿನ್ನೆಯಿಂದ ಬೇರೆಯೇ ಆಗಿದ್ದಾರೆ. ಪೇಪರ್ ಕೊಟ್ರೆ ತಲೆಕೆಳಗೆ ಹಿಡ್ಕೊಳ್ತಾರೆ. ಕರೆದ್ರೆ ಕಣ್ಣು ಬಿಡ್ತಾರೆ, ಎರಡು ಮಾತಾಡುವಷ್ಟರಲ್ಲಿ ಮತ್ತೆ ಮಂಪರು. ಗಲಾಟೆ ಎಂತ ಇಲ್ಲ. ತುಟಿಯ ಬದಿ ಆಗಾಗ ಸಣ್ಣಗೆ ಅದುರಿದ ಹಾಗೆ ಕಾಣ್ತದೆ. ಕೇಳಿದ್ರೆ "ವಯಸ್ಸಾಯ್ತಲ್ಲ, ಅರವಳಿಕೆ ಇಳೀಲಿಕ್ಕೆ ಹೊತ್ತು ಬೇಕು" ಅಂದ್ರು. ನಾವು ಕಾಯ್ಬಹುದಾ?

ಡಾಕ್ಟರ್: ಕಾಯಬೇಡಿ. ನಿಮ್ಮ ಪ್ರಶ್ನೆಗೆ ನಾನೂ ಉದ್ದ ಬರೆಯುತ್ತೇನೆ, ಯಾಕೆಂದರೆ ವಾರ್ಡುಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವುದು ಇದೇ.

ಮಂಗಳವಾರ ಅಡಿಕೆ ರೇಟು ಕೇಳಿದವರಿಗೆ ಬುಧವಾರ ವಯಸ್ಸಾಗುವುದಿಲ್ಲ. ಒಂದೆರಡು ದಿನದಲ್ಲಿ ಬುದ್ಧಿ ಮಂಕಾದರೆ, ಅದು ಗಂಟೆಗಂಟೆಗೆ ಏರಿಳಿದರೆ, ಅದಕ್ಕೆ ಡೆಲಿರಿಯಂ ಎನ್ನುತ್ತೇವೆ. ಕೂಗಾಡಿ ಡ್ರಿಪ್ ಕಿತ್ತುಹಾಕುವ ರೋಗಿ ಎಲ್ಲರ ಕಣ್ಣಿಗೆ ಬೀಳುತ್ತಾನೆ. ನಿಮ್ಮ ಅಪ್ಪನ ಹಾಗೆ ಸುಮ್ಮನೆ ಮಲಗುವವರನ್ನು "ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ" ಎಂದು ಬಿಟ್ಟುಬಿಡುತ್ತಾರೆ. ನನಗೆ ಹೆಚ್ಚು ಭಯ ಇಂಥವರದ್ದೇ.

ಈಗ ಒಂದು ಕೆಲಸ ಮಾಡಿ. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಲು ಹೇಳಿ. ಎರಡು ಹೇಳಿ ದಾರಿ ತಪ್ಪಿದರೆ ಗಮನ ನಿಲ್ಲುತ್ತಿಲ್ಲ ಎಂದರ್ಥ. ಆಮೇಲೆ ಡ್ಯೂಟಿ ಡಾಕ್ಟರಿಗೆ ಹೇಳಬೇಕಾದ ಮಾತು ಇದು: "ಇವರು ಮಂಗಳವಾರ ಸರಿ ಇದ್ದರು, ಇಷ್ಟು ಹೊತ್ತಿಗೆ ಬದಲಾದರು." ಅವರು ಮೊನ್ನೆ ಹೇಗಿದ್ದರು ಎಂಬುದು ರಾತ್ರಿ ಪಾಳಿಗೆ ಬಂದ ಡಾಕ್ಟರಿಗೆ ಗೊತ್ತಿರುವುದಿಲ್ಲ. ನಿಮಗೆ ಮಾತ್ರ ಗೊತ್ತು.

ನಾನಾಗಿದ್ದರೆ ಏನು ಹುಡುಕುತ್ತಿದ್ದೆ? ಮೊದಲು ಸಕ್ಕರೆ, ಆಮ್ಲಜನಕ, ಸೋಡಿಯಂ. ಬಿದ್ದಿದ್ದಾರೆ, ಹಾಗಾಗಿ ತಲೆಯ ಸಿಟಿ ಆಗಲೇಬೇಕು. ಸೊಂಟಕ್ಕೆ ಪೆಟ್ಟಾಯಿತೆಂದು ಎಲ್ಲರೂ ಸೊಂಟವನ್ನೇ ನೋಡಿರುತ್ತಾರೆ, ತಲೆಬುರುಡೆಯ ಒಳಗೆ ನಿಧಾನಕ್ಕೆ ಒಸರುವ ರಕ್ತ ಎರಡು ಮೂರು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ಮೂಳೆ ಮುರಿದ 24ರಿಂದ 72 ಗಂಟೆಯೊಳಗೆ ಉಸಿರಾಟ ಜೋರಾಗಿ, ಎದೆ ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ ಬಂದರೆ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿರಬಹುದು. ಅಂಗಿ ಬಿಚ್ಚಿ ನೋಡಿ. ಮೂತ್ರ ಸರಿ ಹೋಗುತ್ತಿದೆಯೇ? ಮಲ ಹೋಗಿ ಎಷ್ಟು ದಿನವಾಯಿತು? ನೋವಿಗೆ, ನಿದ್ದೆಗೆ ಏನು ಕೊಟ್ಟಿದ್ದಾರೆ? ದಿನಾ ಕುಡಿಯುವ ಅಭ್ಯಾಸ ಇತ್ತೇ? ಇದ್ದರೆ ಮುಚ್ಚುಮರೆ ಮಾಡಬೇಡಿ. ಕುಡಿತ ನಿಂತ ಎರಡು ಮೂರನೇ ದಿನ ಹೀಗೆ ಬರುತ್ತದೆ, ಆಗ ಗ್ಲೂಕೋಸ್‌ಗೆ ಮೊದಲು ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಬೇಕು.

ತುಟಿ ಅದುರುವುದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಕೈಕಾಲು ಬಡಿಯದ ಫಿಟ್ಸ್ ಸಹ ಉಂಟು. ಹೊರಗೆ ಮಂಪರು, ಒಳಗೆ ಮೆದುಳಿನಲ್ಲಿ ನಿಲ್ಲದ ಫಿಟ್ಸ್. ಅದು ಇಇಜಿಯಲ್ಲಿ, ಅಂದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆಯಲ್ಲಿ, ಮಾತ್ರ ಗೊತ್ತಾಗುತ್ತದೆ. ತುಟಿಯ ವಿಡಿಯೊ ತೆಗೆದು ಅಲ್ಲಿಯ ಡಾಕ್ಟರಿಗೆ ತೋರಿಸಿ. ಅಪ್ಪ ಮನೆಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರೂ ನನಗೆ ಬೇಕು.

ಸುರತ್ಕಲ್: ಸ್ಟ್ರೋಕ್ ಬಗ್ಗೆ ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಹಾಕ್ತಾ ಇದ್ದೇನೆ, ಒಂದು ಗ್ರೂಪಲ್ಲಿ ಬಂದದ್ದು. ಸ್ಟ್ರೋಕ್ ಆದ ಕೂಡ್ಲೇ ಸೂಜಿಯಿಂದ ಹತ್ತೂ ಬೆರಳ ತುದಿ ಚುಚ್ಚಿ ರಕ್ತ ತೆಗೀಬೇಕು. ಬಾಯಿ ಸೊಟ್ಟ ಆದ್ರೆ ಎರಡೂ ಕಿವಿ ಚುಚ್ಚಬೇಕು. ಅಷ್ಟು ಆಗುವವರೆಗೆ ರೋಗಿಯನ್ನು ಅಲ್ಲಾಡಿಸ್ಲಿಕ್ಕೆ ಇಲ್ಲ.

ಡಾಕ್ಟರ್: ಇದನ್ನು ದಯವಿಟ್ಟು ಅಳಿಸಿ. ಬೆರಳ ತುದಿಯ ರಕ್ತಕ್ಕೂ ಮೆದುಳಿನ ರಕ್ತನಾಳದಲ್ಲಿ ಕೂತ ಹೆಪ್ಪಿಗೂ ಸಂಬಂಧ ಇಲ್ಲ. ಚುಚ್ಚುವುದಕ್ಕಿಂತ ದೊಡ್ಡ ಕೆಡುಕು "ಅಲ್ಲಾಡಿಸಬೇಡಿ" ಅನ್ನುವ ಸಾಲು. ಅದನ್ನು ನಂಬಿ ಮನೆಯಲ್ಲಿ ಕಾದವರು ಗಡುವು ಮುಗಿದ ಮೇಲೆ ಬರುತ್ತಾರೆ.

ಸುರತ್ಕಲ್: ಸುಮ್ಮನೆ ಹಾಕಿದ್ದಲ್ಲ ಸರ್. ನಮ್ಮ ಮಾವನಿಗೆ ಮಾಡಿಯೇ ನೋಡಿದ್ದು. ಬಾಯಿ ಸೊಟ್ಟ ಆಗಿ ಮಾತು ತೊದಲಿತ್ತು. ಚುಚ್ಚಿದ ಅರ್ಧ ಗಂಟೆಯಲ್ಲಿ ಸರಿ ಆದ್ರು.

ಬಜ್ಪೆ: ಅಣ್ಣ, ನಾನು ಕ್ಯಾಶುವಾಲ್ಟಿಯಲ್ಲಿ ನರ್ಸ್. ಬೆರಳೆಲ್ಲ ಚುಚ್ಚಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಒಂದು ಬದಿ ಪೂರ್ತಿ ಬಿದ್ದು ಹೋಗಿರ್ತದೆ. ಇಂಥದ್ದು ಹಂಚಬೇಡಿ ಮಾರಾಯ್ರೆ.

ಸುರತ್ಕಲ್: ನಿಮ್ಗೆ ಆಸ್ಪತ್ರೆ ಬಿಲ್ ಆಗ್ಬೇಕಲ್ಲ, ಮತ್ತೆಂತ ಹೇಳ್ತೀರಿ.

ಬಜ್ಪೆ: ಬಿಲ್ಲು ನನ್ನ ಕೈಗೆ ಬರುವುದಿಲ್ಲ. ಇಡೀ ವಾರ್ಡ್ ಒಬ್ಬಳೇ ನೋಡಿ ಬೆಳಿಗ್ಗೆ ಮನೆಗೆ ಹೋಗುವವಳು ನಾನು. ಸ್ವಲ್ಪ ಮರ್ಯಾದೆ ಇಟ್ಟು ಮಾತಾಡಿ.

ಡಾಕ್ಟರ್: ಸುರತ್ಕಲ್‌ನವರೇ, ನಿಮ್ಮ ಮಾವನಿಗೆ ಇದು ಆದದ್ದು ಯಾವಾಗ?

ಸುರತ್ಕಲ್: ನಿನ್ನೆ ಸಂಜೆ. ಈಗ ಆರಾಮ ಇದ್ದಾರೆ, ಊಟ ಮಾಡಿದ್ರು.

ಡಾಕ್ಟರ್: ಯಾವ ಆಸ್ಪತ್ರೆಗೂ ಹೋಗಿಲ್ಲವೇ? ಅವರಿಗೆ ಆದದ್ದು ತಾತ್ಕಾಲಿಕ ಸ್ಟ್ರೋಕ್. ಹೆಪ್ಪು ತಾನಾಗಿ ಕರಗಿದೆ ಅಥವಾ ಸರಿದಿದೆ, ಸೂಜಿ ಚುಚ್ಚದಿದ್ದರೂ ಅಷ್ಟೇ ಹೊತ್ತಿಗೆ ಸರಿಯಾಗುತ್ತಿದ್ದರು. ಇದು ಮುನ್ಸೂಚನೆ. ಪೂರ್ತಿ ಸ್ಟ್ರೋಕ್ ಆಗುವ ಸಂಭವ ಮೊದಲ 48 ಗಂಟೆಯಲ್ಲೇ ಅತಿ ಹೆಚ್ಚು, ನೀವು ಅದರೊಳಗೇ ಇದ್ದೀರಿ. ಕತ್ತಿನ ರಕ್ತನಾಳ ನೋಡಬೇಕು, ಹೃದಯದ ಬಡಿತ ತಪ್ಪುತ್ತಿದೆಯೇ ನೋಡಬೇಕು, ಸ್ಕ್ಯಾನ್ ಆಗಿ ರಕ್ತ ತೆಳುವಾಗಿಸುವ ಔಷಧಿ ಶುರುವಾಗಬೇಕು. ವಾದ ಆಮೇಲೆ ಮಾಡುವ. ಇವತ್ತು ರಾತ್ರಿಯೇ ಹೊರಡಿ. ವಾಹನ ಇಲ್ಲದಿದ್ದರೆ 108.

ಉಡುಪಿ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣದ ಬೀಗದ ಕೈ ಕೊಡಬಹುದಾ ಸರ್?

ಡಾಕ್ಟರ್: ಬೇಡ. ಬಾಯಿಗೆ ಚಮಚವೂ ಬೇಡ, ಮೂಗಿಗೆ ಚಪ್ಪಲಿಯೂ ಬೇಡ, ಈರುಳ್ಳಿಯೂ ಬೇಡ. ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತುರ್ತು.

ಬೆಳ್ತಂಗಡಿ: ತಮ್ಮನಿಗೆ 24. ನಾಲ್ಕು ದಿನ ಜ್ವರ, ತಲೆನೋವು. ಇವತ್ತು ಏನೇನೋ ಮಾತಾಡ್ತಾ ಒಂದು ಸಲ ಫಿಟ್ಸ್ ಬಂತು. ಮಂಗಳೂರಲ್ಲಿ ಐಸಿಯುನಲ್ಲಿದ್ದಾನೆ. ಸ್ಕ್ಯಾನ್ ಆಯ್ತು, ಬೆನ್ನಿನಿಂದ ನೀರು ತೆಗೀಬೇಕು ಅಂತಿದ್ದಾರೆ. ಮನೆಯ ಹಿರಿಯರು ಸಹಿ ಹಾಕ್ಲಿಕ್ಕೆ ಬಿಡ್ತಿಲ್ಲ, ಕಾಲು ಹೋಗ್ತದಂತೆ.

ಉಜಿರೆ: ಹೌದು, ತೆಗೆಸ್ಬೇಡಿ. ನಮ್ಮ ದೊಡ್ಡಮ್ಮನಿಗೆ ನೀರು ತೆಗೆದ ಮೇಲೆಯೇ ಕಾಲು ಹೋದದ್ದು.

ಡಾಕ್ಟರ್: ಬೆಳ್ತಂಗಡಿಯವರೇ, ಸಹಿ ಹಾಕಿ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು ಅದರ ಕೆಳಗೆ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು. ಆಮೇಲೆ ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ, ಪ್ಲೇಟ್ಲೆಟ್ ತುಂಬ ಕಡಿಮೆ ಇರುವವರಿಗೆ ಜಾಗ್ರತೆ ಬೇಕು, ಅದನ್ನು ಅವರು ನೋಡಿರುತ್ತಾರೆ. ಉಜಿರೆಯವರ ದೊಡ್ಡಮ್ಮನ ಕಾಗದಪತ್ರ ನಾನು ನೋಡಿಲ್ಲ, ಆದರೆ ಕಾಲಿನ ಶಕ್ತಿ ಹೋಗುವ ಕಾಯಿಲೆ ಹುಡುಕಲೆಂದೇ ಎಷ್ಟೋ ಸಲ ಈ ನೀರು ತೆಗೆಯುತ್ತೇವೆ.

ಜ್ವರ, ತಪ್ಪು ಮಾತು, ಫಿಟ್ಸ್ ಮೂರೂ ಸೇರಿದರೆ ಮೆದುಳಿನ ಉರಿಯೂತ ಎಂದೇ ಹೊರಡಬೇಕು. ಹರ್ಪಿಸ್ ವೈರಸ್ ಆಗಿದ್ದರೆ ಎಸೈಕ್ಲೊವಿರ್ ಉಂಟು. ಆ ಔಷಧಿ ಸಿಗದಿದ್ದರೆ ಹತ್ತರಲ್ಲಿ ಏಳು ಮಂದಿ ಬದುಕುವುದಿಲ್ಲ. ರಿಪೋರ್ಟ್ ಬರುವವರೆಗೆ ಕಾಯದೆ ಶುರು ಮಾಡುವ ಔಷಧಿ ಅದು, ಶುರುವಾಗಿದೆಯೇ ಕೇಳಿ. ತೋಟ, ಕಾಡಿಗೆ ಹೋಗುವವನಾ? ಉಣುಗು ಕಚ್ಚಿತ್ತಾ? ತೊಡೆಸಂದು, ಕಂಕುಳು, ಸೊಂಟದ ಸುತ್ತ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೊಪ್ಪಳೆ ಇದ್ದರೆ ಸ್ಕ್ರಬ್ ಟೈಫಸ್ (ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ), ಅದಕ್ಕೆ ಡಾಕ್ಸಿಸೈಕ್ಲಿನ್. ನಿಮ್ಮ ಕಡೆಗೆ ಮಂಗನ ಕಾಯಿಲೆಯ ನೆನಪೂ ಇಟ್ಟುಕೊಳ್ಳಬೇಕು. ಅದರಲ್ಲಿ ಒಮ್ಮೆ ಜ್ವರ ಬಿಟ್ಟು ಮತ್ತೆ ಬಂದಾಗ ಕೆಲವರಿಗೆ ತಲೆಗೆ ಏರುತ್ತದೆ. ಡಾಕ್ಟರಿಗೆ ಈ ವಿವರ ನೀವೇ ಹೇಳಬೇಕು.

ಉಜಿರೆ: ಡಾಕ್ಟ್ರುಗಳಿಗೆ ಬೇರೆಯವರ ಅನುಭವ ಅಂದ್ರೆ ಲೆಕ್ಕಕ್ಕೇ ಇಲ್ಲ.

ಬಜ್ಪೆ: 24 ವರ್ಷದ ಹುಡುಗ ಐಸಿಯುನಲ್ಲಿದ್ದಾನೆ. ಸಿಟ್ಟು ತೀರಿಸ್ಲಿಕ್ಕೆ ಇದಾ ಜಾಗ?

ಉಜಿರೆ: ನಿಮ್ಮನ್ನು ಯಾರು ಕೇಳಿದ್ರು ಸಿಸ್ಟರ್?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಬಂದ್ರೆ ತೆಗೀತೇನೆ.

ಕಾರ್ಕಳ: ಡಾಕ್ಟ್ರೇ, ಬಂದೆ. ವಾರ ಹಿಂದಕ್ಕೆ ಹೇಳಿಸಿದೆ. ಶನಿವಾರ, ಶುಕ್ರವಾರ ಅಂದವರು ಮತ್ತೆ ಶನಿವಾರಕ್ಕೇ ಬಂದ್ರು. ವಿಡಿಯೊ ತೋರಿಸಿದ ಮೇಲೆ ಕೂಡ್ಲೇ ಸಿಟಿ ಮಾಡಿದ್ರು, ರಕ್ತಸ್ರಾವ ಇಲ್ಲ. ಕೆಂಪು ಚುಕ್ಕೆ ಇಲ್ಲ, ಸಕ್ಕರೆ ಸರಿ ಉಂಟು. ಸೋಡಿಯಂ 117. ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್, ಪಟ್ಟಿಯ ಮೇಲೆ ಹೆಸರಿನ ಪಕ್ಕ "ಎಚ್" ಅಂತ ಉಂಟು. ಕುಡಿಯುವ ಅಭ್ಯಾಸ ಇಲ್ಲ. ನೋಡ್ಲಿಕ್ಕೆ ಬಂದವರೆಲ್ಲ ಬೊಂಡ (ಎಳನೀರು) ತರ್ತಾರೆ, ದಿನಕ್ಕೆ ನಾಲ್ಕೈದು ಕುಡಿಸಿದ್ದೇವೆ.

ಡಾಕ್ಟರ್: ಸೋಡಿಯಂ 135ರಿಂದ 145 ಇರಬೇಕು. 117 ಅಂದರೆ ಈ ಮಂಪರಿಗೆ ಅದೇ ಸಾಕು. ಆ "ಎಚ್" ಹೈಡ್ರೊಕ್ಲೊರೊಥಯಜೈಡ್, ಮೂತ್ರದಲ್ಲಿ ಸೋಡಿಯಂ ಕಳೆಯುತ್ತದೆ. ಆಪರೇಶನ್ ಆದವರ ದೇಹ ನೋವಿಗೆ, ವಾಕರಿಕೆಗೆ ನೀರನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಬೊಂಡ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರ ಕಡಿಮೆ. ಇದ್ದಬದ್ದ ಉಪ್ಪನ್ನೂ ಅದು ತೆಳು ಮಾಡಿತು. ಪ್ರೀತಿಯಿಂದ ತಂದದ್ದು, ತಂದವರನ್ನು ದೂರಬೇಡಿ, ಆದರೆ ಇವತ್ತಿನಿಂದ ನಿಲ್ಲಿಸಿ.

ಮೂಡುಬಿದಿರೆ: ಅಕ್ಕ, ಸೋಡಿಯಂ ಅಂದ್ರೆ ಉಪ್ಪೇ ಅಲ್ವಾ? ಗಂಜಿ ತೆಳಿಗೆ ಎರಡು ಚಮಚ ಉಪ್ಪು ಹಾಕಿ ಕುಡಿಸಿ, ಬೆಳಿಗ್ಗೆ ಸರಿ ಆಗ್ತದೆ.

ಡಾಕ್ಟರ್: ಕುಡಿಸಬೇಡಿ. ಮಂಪರಿನಲ್ಲಿರುವವರ ಬಾಯಿಗೆ ತೆಳಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸೋಡಿಯಂ ಒಮ್ಮೆಲೇ ಏರುವುದೂ ಅಪಾಯ. ಕೊರತೆಗೆ ಒಗ್ಗಿಕೊಂಡ ಮೆದುಳಿನ ಕೋಶಗಳಿಂದ ನೀರು ಸೆಳೆದುಹೋಗಿ, ಮೆದುಳು ಕಾಂಡದ ನರಗಳ ಹೊದಿಕೆ ಕಳಚುತ್ತದೆ. ಮೊದಲು ರೋಗಿ ಎಚ್ಚರವಾದಂತೆ ಕಾಣುತ್ತಾರೆ, ನಾಲ್ಕಾರು ದಿನ ಕಳೆದು ಮಾತು, ನುಂಗುವುದು, ಕೈಕಾಲು ಒಂದೊಂದಾಗಿ ನಿಲ್ಲುತ್ತವೆ. ಆದ ಮೇಲೆ ಸರಿಪಡಿಸುವ ಔಷಧಿ ಇಲ್ಲ. ಅಡುಗೆಮನೆಯ ಲೆಕ್ಕವನ್ನು ಐಸಿಯುಗೆ ತರಬೇಡಿ, ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ.

ಕಾರ್ಕಳದವರೇ, 24 ಗಂಟೆಯಲ್ಲಿ ಏರಿಕೆ 8ರ ಆಸುಪಾಸು ಮೀರಬಾರದು. ಫಿಟ್ಸ್‌ನಂಥ ಗಂಭೀರ ಲಕ್ಷಣ ಕಂಡರೆ ಮಾತ್ರ 3% ಸಲೈನ್ ಸ್ವಲ್ಪ ಸ್ವಲ್ಪವೇ ಬೇಗ ಕೊಟ್ಟು ಮೊದಲ ಕೆಲವು ಅಂಕಿ ಏರಿಸುತ್ತಾರೆ. ಶುರುವಿನಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ, "ಎಷ್ಟು ಸಲ ಚುಚ್ಚುತ್ತೀರಿ" ಎಂದು ತಡೆಯಬೇಡಿ. ಇಇಜಿ ಕೇಳಿ. ಅಪ್ಪನ ಕನ್ನಡಕ ಹಾಕಿಸಿ, ಹಗಲು ಕಿಟಕಿ ತೆರೆದಿಡಿ, ಮನೆಯವರೊಬ್ಬರು ಪಕ್ಕದಲ್ಲಿರಿ.

ಕುಂದಾಪುರ: ಸರ್, ಸ್ಟ್ರೋಕಿಗೆ 24 ಗಂಟೆ ಟೈಮ್ ಉಂಟಲ್ಲ, ಹಾಗಾದ್ರೆ ಬೆಳಿಗ್ಗೆ ಹೋದ್ರೂ ಆಗ್ತದಲ್ಲ?

ಡಾಕ್ಟರ್: ಆಗುವುದಿಲ್ಲ. ಮೇಲೆ ಬರೆದದ್ದನ್ನು ಓದಿ.

ಕಿನ್ನಿಗೋಳಿ: ಬಿ12 ಇಂಜೆಕ್ಷನ್ ಎಲ್ಲ ನರದ ಕಾಯಿಲೆಗೂ ಆಗ್ತದಾ?

ಡಾಕ್ಟರ್: ಕೊರತೆ ಇದ್ದರೆ ಮಾತ್ರ.

ಉಳ್ಳಾಲ: ಸರ್, ನನ್ನ ಮೆಸೇಜ್ ನೋಡಿದ್ರಾ? ಎಂಆರ್‌ಐ ರಿಪೋರ್ಟಿನ ಫೋಟೊ ಎರಡು ಸಲ ಹಾಕಿದ್ದೇನೆ.

ಸುರತ್ಕಲ್: ಮಾವನನ್ನು ಕರ್ಕೊಂಡು ಬಂದಿದ್ದೇವೆ. ಇಸಿಜಿಯಲ್ಲಿ ಬಡಿತ ತಪ್ಪುತ್ತಾ ಉಂಟಂತೆ, ಅಡ್ಮಿಟ್ ಮಾಡಿದ್ರು. ಆ ಮೆಸೇಜ್ ಅಳಿಸಿದ್ದೇನೆ.

ಡಾಕ್ಟರ್: ಒಳ್ಳೆಯದಾಯಿತು. ಅಂಥ ಬಡಿತದಲ್ಲಿ ಹೃದಯದೊಳಗೆ ಹೆಪ್ಪು ಕಟ್ಟಿ ಮೆದುಳಿಗೆ ಹಾರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಯಾವುದು, ಎಂದಿನಿಂದ ಎಂಬುದನ್ನು ಅವರೇ ಹೇಳುತ್ತಾರೆ. ಸರಿಯಾದರು ಎಂದು ಮಧ್ಯದಲ್ಲಿ ಬಿಡಬೇಡಿ.

ಬೆಳ್ತಂಗಡಿ: ಸಹಿ ಹಾಕಿದೆ. ನೀರು ತೆಗೆದ್ರು, ಕಾಲು ಆಡಿಸ್ತಾನೆ. ಎಸೈಕ್ಲೊವಿರ್ ಮೊದಲೇ ಶುರು ಮಾಡಿದ್ರಂತೆ.

ಡಾಕ್ಟರ್: ಸರಿ. ಹರ್ಪಿಸ್ ಎಂದು ಖಚಿತವಾದರೆ 14ರಿಂದ 21 ದಿನ ರಕ್ತನಾಳದ ಮೂಲಕವೇ ಕೊಡಬೇಕು. ಜ್ವರ ಬಿಟ್ಟಿತು ಎಂದು ಹಿರಿಯರು ಮನೆಗೆ ಕರೆದುಕೊಂಡು ಹೋಗಲು ಹೊರಟರೆ ತಡೆಯಿರಿ.

ಕಾರ್ಕಳ (ಮರುದಿನ ಸಂಜೆ): ಸೋಡಿಯಂ 124. ಇಇಜಿಯಲ್ಲಿ ಅಲೆ ನಿಧಾನ ಉಂಟು, ಫಿಟ್ಸ್ ಇಲ್ಲ ಅಂದ್ರು. ನನ್ನ ಹೆಸರು ಹಿಡಿದು ಕರೆದ್ರು. ಆದ್ರೆ ಇದು ಆಸ್ಪತ್ರೆ ಅಂತ ಇನ್ನೂ ಗೊತ್ತಾಗ್ತಿಲ್ಲ.

ಡಾಕ್ಟರ್: ಒಂದು ದಿನಕ್ಕೆ 7 ಏರಿದೆ, ಹಾಗೇ ಹೋಗಲಿ. ರಕ್ತದ ಅಂಕಿ ಸರಿಯಾದ ದಿನವೇ ಬುದ್ಧಿ ಪೂರ್ತಿ ಮರಳುವುದಿಲ್ಲ, ಈ ವಯಸ್ಸಿನಲ್ಲಿ ಕೆಲವು ದಿನ, ಕೆಲವರಿಗೆ ವಾರಗಳೇ ಬೇಕು. ಮುಂದಿನ ಒಂದು ವಾರ ಮಾತು ತೊದಲುವುದು, ನುಂಗಲು ಕಷ್ಟ, ಕೈಕಾಲು ಸೋಲುವುದು ಕಂಡರೆ ಆ ಕ್ಷಣವೇ ಹೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಆ "ಎಚ್" ಮಾತ್ರೆಯನ್ನು ಹಳೆಯ ಪಟ್ಟಿಯಿಂದ ಹಾಗೇ ಇಳಿಸಿ ಬರೆದಿರುವ ಸಂಭವ ಉಂಟು. ಸಹಿ ಹಾಕುವ ಮೊದಲು ಓದಿ, ಇದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ. ಮನೆಗೆ ಹೋಗಿ ಒಂದು ವಾರದೊಳಗೆ ಸೋಡಿಯಂ ಮತ್ತೊಮ್ಮೆ ನೋಡಿಸಿ.