ಸಿಲಿಂಡರ್ ಮುಂದೆ ಹೋಗ್ತದೆ, ವಾಪಸ್ ಬರುವುದಿಲ್ಲ. ವಾಲ್ವೋ, ಲಿಮಿಟ್ ಸ್ವಿಚ್ಚೋ?

ಕಾರ್ಕಳ_ಮೆಂಟೆನೆನ್ಸ್:
ನಮ್ಮದು ಗೇರುಬೀಜದ ಫ್ಯಾಕ್ಟರಿ. ಸಿಪ್ಪೆಯನ್ನು ಬಾಯ್ಲರಿಗೆ ದೂಡಲಿಕ್ಕೆ ಒಂದು ಪುಶರ್ ಉಂಟು. 50 ಎಂಎಂ ಬೋರಿನ ಡಬಲ್ ಆ್ಯಕ್ಟಿಂಗ್ ಸಿಲಿಂಡರ್ (ಮುಂದೆ, ಹಿಂದೆ ಎರಡೂ ಕಡೆ ಗಾಳಿಯಲ್ಲೇ ಹೋಗುವಂಥದ್ದು), 5/2 ಡಬಲ್ ಸೊಲೆನಾಯ್ಡ್ ವಾಲ್ವ್ (ಎರಡು ಕಡೆ ಎ, ಬಿ ಅಂತ ಕರೆಂಟ್ ಕಾಯಿಲ್ ಇದ್ದು ಗಾಳಿಯ ದಾರಿ ಬದಲಿಸುವಂಥದ್ದು), 24 ವೋಲ್ಟ್ ಡಿಸಿ. ಪಿಎಲ್‌ಸಿ (ಪ್ರೋಗ್ರಾಮ್ ಹಾಕುವ ಕಂಟ್ರೋಲರ್) ಇಲ್ಲ. ಹಿಂದಿನ ತುದಿಯ ರೋಲರ್ ಸ್ವಿಚ್ ಎಲ್‌ಎಸ್1, ಅದು ಒತ್ತಿದರೆ ಎ ಕಾಯಿಲ್‌ಗೆ ಸಪ್ಲೈ, ಸಿಲಿಂಡರ್ ಮುಂದೆ. ಮುಂದಿನ ತುದಿಯ ಎಲ್‌ಎಸ್2 ಒತ್ತಿದರೆ ಬಿ ಕಾಯಿಲ್, ಸಿಲಿಂಡರ್ ಹಿಂದೆ. ಅಷ್ಟೇ ಸರ್ಕ್ಯೂಟ್.

ಮಳೆ ಶುರುವಾದ ಮೇಲೆ ಬೆಳಿಗ್ಗೆ ಹೊತ್ತು ಮುಂದೆ ಹೋಗಿ ಅಲ್ಲೇ ನಿಲ್ತದೆ. ಹುಡುಗರು ಫ್ರೇಮಿಗೆ ಸ್ಪ್ಯಾನರಿನಲ್ಲಿ ಒಂದು ತಟ್ಟಿದರೆ ವಾಪಸ್! ಮಧ್ಯಾಹ್ನ ತೊಂದರೆ ಇಲ್ಲ. ಪ್ರೆಶರ್ 6 ಬಾರ್ ಉಂಟು. ಹೊಸ ವಾಲ್ವ್ ಹಾಕಿಯಾಯ್ತು, ಎಲ್‌ಎಸ್2 ಕೂಡ ಬದಲಿಸಿಯಾಯ್ತು. ಇನ್ನೆಂತ ಮಾಡುವುದು?

ಸುರತ್ಕಲ್_ಏರ್‌ಲೈನ್:
ಮಳೆಗಾಲ ಅಂದರೆ ಮೊದಲು ನೀರು ನೋಡಿ ಮಾರಾಯ್ರೆ. ಎಫ್‌ಆರ್‌ಎಲ್ (ಗಾಳಿ ಲೈನಿನ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್) ಬೌಲಿನಲ್ಲಿ ನೀರು ತುಂಬಿದೆಯಾ? ಕಂಪ್ರೆಸರ್ ಟ್ಯಾಂಕ್ ಡ್ರೈನ್ ಮಾಡ್ತಾರಾ?

ಬೈಕಂಪಾಡಿ_ಪ್ಯಾನೆಲ್:
ನೀರು ಬಿಡಬೇಕಾದದ್ದು ಹೌದು, ಆದರೆ ಈ ಕೇಸ್ ಅದಲ್ಲ ಅಂತ ನನಗೆ ಕಾಣ್ತದೆ. ಹೊಸ ವಾಲ್ವ್‌ನಲ್ಲೂ ಅದೇ ಕಥೆ, ಮೇಲಿಂದ ಫ್ರೇಮಿಗೆ ತಟ್ಟಿದರೆ ಸರಿಯಾಗ್ತದೆ ಅಂತೀರಿ. ಎಲ್ಲರೂ ಎಲ್‌ಎಸ್2 ಮೇಲೆ ಕಣ್ಣಿಡ್ತಾರೆ, ವಾಪಸ್ ಕರೆಯುವುದು ಅದೇ ಅಲ್ವಾ. ನೀವು ಎಲ್‌ಎಸ್1 ನೋಡಿ.

ನಾಳೆ ನಿಂತಾಗ ಯಾರಿಗೂ ತಟ್ಟಲಿಕ್ಕೆ ಬಿಡಬೇಡಿ. ವಾಲ್ವ್ ಕನೆಕ್ಟರಿನ ಎಲ್‌ಇಡಿ ನೋಡಿ. ಸಿಲಿಂಡರ್ ಮುಂದೆ ಇರುವಾಗ ಬಿ ಮಾತ್ರ ಉರಿಯಬೇಕು. ಎ ಕೂಡ ಉರಿಯುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ, ಎಲ್‌ಎಸ್1 ಬಿಡದೆ ಅಂಟಿಕೊಂಡಿದೆ ಅಂತ. ಡಬಲ್ ಸೊಲೆನಾಯ್ಡ್‌ನಲ್ಲಿ ಎರಡೂ ಕಡೆ ಒಟ್ಟಿಗೆ ಕರೆಂಟ್ ಬಂದರೆ ಮೊದಲು ಬಂದದ್ದೇ ಗೆಲ್ಲುವುದು, ವಾಲ್ವ್ ಒಳಗೆ ಸರಿಯುವ ಸ್ಪೂಲ್ ಅಲ್ಲಾಡುವುದಿಲ್ಲ. ಬಿ ಕಡೆಯ ಮ್ಯಾನುವಲ್ ಬಟನ್ ಒತ್ತಿದರೂ ಸಾಮಾನ್ಯವಾಗಿ ಬರುವುದಿಲ್ಲ. ಕಂಟ್ರೋಲ್ ಸಪ್ಲೈ ಆಫ್ ಮಾಡಿ ಅದೇ ಬಟನ್ ಒತ್ತಿ, ಬರ್ತದೆ. ಆಗ ಪುಶರ್ ಹತ್ತಿರ ಯಾರೂ ಇರಬಾರದು. 50 ಎಂಎಂ, 6 ಬಾರ್ ಅಂದರೆ 100 ಕಿಲೋ ಮೇಲೆ ಬಲ, ಬೆರಳು ಉಳಿಯುವುದಿಲ್ಲ.

ಕಾರ್ಕಳ_ಮೆಂಟೆನೆನ್ಸ್:
ನೀವು ಹೇಳಿದ್ದೇ ಸರಿ! ಎರಡೂ ಎಲ್‌ಇಡಿ ಉರಿಯುತ್ತಿತ್ತು. ಏರ್ ಬಂದ್ ಮಾಡಿ, ಲೈನ್ ಖಾಲಿ ಮಾಡಿ ಎಲ್‌ಎಸ್1 ನೋಡಿದೆ. ಸಿಪ್ಪೆಯ ಎಣ್ಣೆಗೆ ಧೂಳು ಸೇರಿ ಲಿವರಿನ ಬುಡದಲ್ಲಿ ಕಪ್ಪಗೆ ಡಾಂಬರಿನ ಹಾಗೆ ಕೂತಿದೆ. ಬೆರಳಲ್ಲಿ ಒತ್ತಿ ಬಿಟ್ಟರೆ ಲಿವರ್ ಅರ್ಧಕ್ಕೇ ನಿಲ್ತದೆ, ಆಮೇಲೆ ನಿಧಾನಕ್ಕೆ ಮೇಲೆ ಬರ್ತದೆ.

ಬೈಕಂಪಾಡಿ_ಪ್ಯಾನೆಲ್:
ಬೆಳಿಗ್ಗೆ ತಂಪಿಗೆ ಆ ಎಣ್ಣೆ ಇನ್ನೂ ದಪ್ಪ ಆಗ್ತದೆ, ಅದಕ್ಕೇ ಮಧ್ಯಾಹ್ನ ಸುಮ್ಮನಿರುವುದು. ಲಿವರ್ ಬಿಚ್ಚಿ ತೊಳೆಯಿರಿ. ಗ್ರೀಸ್ ಮಾತ್ರ ಹಾಕಬೇಡಿ, ಧೂಳಿಗೆ ಅದು ಅಂಟು. ಸ್ವಿಚ್ ಮೇಲೆ ಒಂದು ತಗಡಿನ ಮಾಡು ಕೂಡ ಮಾಡಿ.

ಮಣಿಪಾಲ_ಡಿಪ್ಲೊಮಾ:
ಸರ್, ಬಿ ಆನ್ ಆದ ಕೂಡಲೇ ಎ ಕಟ್ ಆಗುವ ಹಾಗೆ ಇಂಟರ್‌ಲಾಕ್ ಕೊಟ್ಟರೆ ಸಾಲದಾ?

ಬೈಕಂಪಾಡಿ_ಪ್ಯಾನೆಲ್:
ಅದೊಂದೇ ಹಾಕಿದರೆ ಇನ್ನೂ ಗಲಾಟೆ. ಸಿಲಿಂಡರ್ ಸ್ವಲ್ಪ ಹಿಂದೆ ಬಂದ ತಕ್ಷಣ ಎಲ್‌ಎಸ್2 ಬಿಡ್ತದೆ, ಎಲ್‌ಎಸ್1 ಇನ್ನೂ ಅಂಟಿಕೊಂಡೇ ಇರ್ತದೆ, ಪುನಃ ಎ ಆನ್. ಮುಂದಿನ ತುದಿಯಲ್ಲೇ ಟಕಟಕ ಬಡಿಯುತ್ತಾ ಕೂತೀತು.

ಒಂದೇ ಸಿಲಿಂಡರ್ ಎರಡೂ ತುದಿಯಲ್ಲಿ ಇರಲಿಕ್ಕೆ ಸಾಧ್ಯ ಇಲ್ಲವಷ್ಟೇ? ಹಾಗಾಗಿ ಎರಡೂ ಸ್ವಿಚ್ ಒಟ್ಟಿಗೆ ಆನ್ ಅಂದರೆ ಅದು ಫಾಲ್ಟ್. ಒಂದೊಂದು ಸ್ವಿಚ್ಚಿಗೆ ಒಂದೊಂದು ರಿಲೇ ಕೊಡಿ, ಆ ರಿಲೇಗಳ ಎನ್‌ಒ (ರಿಲೇ ಆನ್ ಆದಾಗ ಮಾತ್ರ ಕೂಡುವ) ಕಾಂಟ್ಯಾಕ್ಟ್ ಸೀರೀಸ್ ಮಾಡಿ ಮೂರನೇ ರಿಲೇ ಎಳೆಯಿರಿ. ಅದು ಲ್ಯಾಚ್ ಆಗಲಿ (ರೀಸೆಟ್ ಒತ್ತುವವರೆಗೆ ಆನ್ ಆಗಿಯೇ ಉಳಿಯಲಿ), ಕೆಂಪು ಲ್ಯಾಂಪ್ ಉರಿಯಲಿ, ಎರಡೂ ಕಾಯಿಲ್ ಕಟ್ ಆಗಲಿ. ರೀಸೆಟ್ ಒತ್ತುವ ಮೊದಲು ಹೋಗಿ ಲಿವರ್ ನೋಡಲಿ. ಲ್ಯಾಂಪ್ ಉರಿದರೆ ಹುಡುಗರು ಸ್ಪ್ಯಾನರ್ ಹುಡುಕುವುದಿಲ್ಲ.

ಕಾರ್ಕಳ_ಮೆಂಟೆನೆನ್ಸ್:
ರಿಲೇ ಸ್ಟೋರಿನಲ್ಲಿ ಉಂಟು, ಭಾನುವಾರ ಹಾಕ್ತೇನೆ. ಎಲ್‌ಎಸ್1 ಬದಲು ಸಿಲಿಂಡರ್ ಮೈಗೆ ಕಟ್ಟುವ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವಂಥದ್ದು) ಆಗ್ತದಾ ಅಣ್ಣ?

ಬೈಕಂಪಾಡಿ_ಪ್ಯಾನೆಲ್:
ಪಿಸ್ಟನ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಧಾರಾಳ, ಬ್ಯಾರಲ್ ಕಬ್ಬಿಣದ್ದಾದರೆ ಆಗಲಿಕ್ಕಿಲ್ಲ. ರೀಡ್ ಕಾಂಟ್ಯಾಕ್ಟ್ ಸಪುರ, ವಾಲ್ವ್ ಕಾಯಿಲನ್ನು ನೇರ ಅದರ ಮೇಲೆ ಹಾಕಬೇಡಿ. ಮಧ್ಯೆ ರಿಲೇ ಇರಲಿ, ರಿಲೇ ಕಾಯಿಲ್‌ಗೆ ಅಡ್ಡ ಒಂದು ಡಯೋಡ್ ಹಾಕಿ.