ಅಪ್‌ಡೇಟ್: ರಜೆ ಮಂಜೂರಾಯಿತು, ಆಸ್ಪತ್ರೆಯ ಕಡತ ಕೊಡಲಿಲ್ಲ

ಖಿನ್ನತೆಯ ಚಿಕಿತ್ಸೆಗೆ ರಜೆ ಹಾಕಿದ್ದಕ್ಕೆ ಕಚೇರಿಯ ಸಿಬ್ಬಂದಿ ವಿಭಾಗದವರು ಆಸ್ಪತ್ರೆಯ ಪೂರ್ತಿ ದಾಖಲೆ ಕೇಳುತ್ತಿದ್ದಾರೆ, ಕೊಡಲೇಬೇಕೇ ಎಂದು ಕೇಳಿದ್ದೆ. ಧೈರ್ಯ ತುಂಬಿದ ಎಲ್ಲರಿಗೂ ಧನ್ಯವಾದ.

ಕೊಡಲಿಲ್ಲ. ವೈದ್ಯರು ಹೊಸ ಪ್ರಮಾಣಪತ್ರ ಬರೆದುಕೊಟ್ಟರು: ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಅಗತ್ಯವಿತ್ತು, ಈಗ ಕೆಲಸಕ್ಕೆ ಹಾಜರಾಗಬಹುದು. ಕಾಯಿಲೆಯ ಹೆಸರಿಲ್ಲ, ಮಾತ್ರೆಯ ಹೆಸರಿಲ್ಲ. ಸಹಿ, ಮೊಹರು, ನೋಂದಣಿ ಸಂಖ್ಯೆ, ಅಷ್ಟೇ. ಜೊತೆಗೊಂದು ಪತ್ರ ಇಟ್ಟೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನನಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಹೆಚ್ಚಿನ ವಿವರ ಏಕೆ ಬೇಕು, ಯಾರು ಯಾರು ನೋಡುತ್ತಾರೆ ಎಂಬುದನ್ನು ಲಿಖಿತವಾಗಿ ತಿಳಿಸಿ ಎಂದು ಬರೆದಿದ್ದೆ. ಅದಕ್ಕೆ ಉತ್ತರ ಬರಲಿಲ್ಲ, ರಜೆ ಮಾತ್ರ ಮಂಜೂರಾಯಿತು.

ಆದರೂ ಒಂದು ವಿಷಯಕ್ಕೆ ಸಿಟ್ಟು ಇಳಿದಿಲ್ಲ. ಮೊದಲೇ ಸಲ್ಲಿಸಿದ್ದ ಔಷಧ ಚೀಟಿಯ ನಕಲು ನಮ್ಮ ತಂಡದ ಮುಖ್ಯಸ್ಥರ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ, ಬಂದುಹೋಗುವವರ ಕಣ್ಣಿಗೆ ಬೀಳುವಂತೆ ಬಿದ್ದಿತ್ತು. ರಜೆ ಲೆಕ್ಕ ಹಾಕುವವರಿಗೆ ನಾನು ನುಂಗುವ ಮಾತ್ರೆಯ ಹೆಸರು ಯಾಕೆ ಬೇಕು? ಅದನ್ನು ವಾಪಸ್ ಪಡೆದೆ. ಕಂಪ್ಯೂಟರಿನಲ್ಲಿರುವ ಪ್ರತಿಯನ್ನೂ ಅಳಿಸಿ ಎಂದು ಲಿಖಿತವಾಗಿ ಕೇಳಿದ್ದೇನೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಬಗ್ಗೆ ಕೇಳಿದ್ದವರಿಗೆ: ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರರನ್ನು ಕೆಲಸದಿಂದ ತೆಗೆಯುವುದನ್ನು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ತಡೆಯುತ್ತಿತ್ತು.