ಕೆಲಸ ಮಾಡ್ತಾ ಬಿಸಿಎ ಮುಗಿಸಿದವರು ಯಾರಾದ್ರೂ ಇದ್ದೀರಾ?

ವಯಸ್ಸು 36, ದಾವಣಗೆರೆ. ಖಾಸಗಿ ಕಂಪನಿಯಲ್ಲಿ ಬಿಲ್ಲಿಂಗ್, ಟ್ಯಾಲಿ, ಕಂಪ್ಯೂಟರ್ ಕೆಟ್ರೆ ರಿಪೇರಿ, ಎಲ್ಲಾ ನನ್ನ ತಲೆ ಮೇಲೇ. ಮನೆ ಪರಿಸ್ಥಿತಿಯಿಂದ ಬಿಸಿಎ ಎರಡನೇ ವರ್ಷಕ್ಕೇ ನಿಂತಿತ್ತು. ಈಗ ಪ್ರಮೋಷನ್‌ಗೆ ಡಿಗ್ರಿ ಬೇಕಂತೆ. ಮಾಡಿದವರು ಇದ್ದದ್ದು ಇದ್ದಂಗೆ ಹೇಳಿ, ಆಗುತ್ತಾ?

ಬೆಂಗಳೂರಿನಿಂದ:
ಆಗುತ್ತೆ ಸಾರ್. ಟೆಕ್ ಸಪೋರ್ಟಲ್ಲಿ ನೈಟ್ ಶಿಫ್ಟ್ ಮಾಡ್ಕೊಂಡೇ ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿವಿ) ದೂರಶಿಕ್ಷಣದಲ್ಲಿ ಬಿಸಿಎ ಮುಗಿಸಿದವನು ನಾನು. ಮೂರು ವರ್ಷದ ಕೋರ್ಸು, ಆರು ವರ್ಷದವರೆಗೂ ಎಳೀಬಹುದು. ಪರೀಕ್ಷೆ ಜೂನ್‌ಗೊಂದ್ಸಲ, ಡಿಸೆಂಬರ್‌ಗೊಂದ್ಸಲ. ಎಲ್ಲರೂ ಹೆದರೋದು ಪರೀಕ್ಷೆಗೆ, ಆದ್ರೆ ಕೆಲಸದಲ್ಲಿರೋರನ್ನ ಕಾಡೋದು ಲ್ಯಾಬು. ಥಿಯರಿ ಕ್ಲಾಸಿಗೆ ಹೋಗದಿದ್ರೆ ಯಾರೂ ಕೇಳಲ್ಲ, ಲ್ಯಾಬಿಗೆ ಮಾತ್ರ ಶೇ. 70 ಹಾಜರಿ ಕಡ್ಡಾಯ. ನಮ್ಮ ಸ್ಟಡಿ ಸೆಂಟರಲ್ಲಿ ಲ್ಯಾಬು ಭಾನುವಾರ ಇರ್ತಿತ್ತು. ಶನಿವಾರ ರಾತ್ರಿ ಶಿಫ್ಟ್ ಮುಗಿಸಿ ಹಾಗೇ ಬಂದು ಕೂತವರು ನನ್ನ ಬ್ಯಾಚಲ್ಲೇ ಸುಮಾರು ಜನ. ಪ್ರೋಗ್ರಾಂ, ಔಟ್‌ಪುಟ್ ರೆಕಾರ್ಡಿಗೆ ಬರೆದು ಕೌನ್ಸೆಲರ್ (ಅಲ್ಲಿ ಕಲಿಸೋರು) ಸಹಿ ಅವತ್ತೇ ಹಾಕಿಸ್ಕೊಳ್ಳಿ. ಮುಂದಿನ ವಾರ ಅವರೇ ಬರ್ತಾರೆ ಅನ್ನೋ ಗ್ಯಾರಂಟಿ ಇಲ್ಲ.

ಎರಡನೇದು ಅಸೈನ್‌ಮೆಂಟ್. ಅದನ್ನ ಕೊಡದೆ ಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದ್ರೂ ಆ ಪೇಪರ್ ಪಾಸಾದಂಗಲ್ಲ. ಕೊಟ್ಟ ರಸೀದಿಯ ಫೋಟೋ ತೆಗೆದಿಟ್ಕೊಳ್ಳಿ, ಗ್ರೇಡ್ ಕಾರ್ಡಲ್ಲಿ ಅಂಕ ಬರದಿದ್ರೆ ಅದೊಂದೇ ಆಧಾರ. ಪುಸ್ತಕಕ್ಕೆ ಕಾಯಬೇಡಿ, ಇಗ್ನೋದ ಇ-ಜ್ಞಾನಕೋಶ ವೆಬ್‌ಸೈಟಲ್ಲಿ ಎಲ್ಲಾ ಪುಕ್ಕಟೆ ಸಿಗುತ್ತೆ. ಪಿಯುಸಿ ಗಣಿತ ಮರೆತಿದ್ರೆ ಬೇಸಿಕ್ ಮ್ಯಾಥಮ್ಯಾಟಿಕ್ಸ್ ಪೇಪರನ್ನ ಮೊದಲೇ ಮುಗಿಸಿಬಿಡಿ. ಕೊನೆಗೆ ಇಟ್ಕೊಂಡೋರು ಕೊನೆವರೆಗೂ ಅದನ್ನೇ ಬರೀತಿರ್ತಾರೆ.

ಪ್ರಾಜೆಕ್ಟಿಗೆ ದುಡ್ಡು ಕೊಟ್ಟು ರೆಡಿಮೇಡ್ ತರೋದು ಮಾಮೂಲಿ ಆಗಿದೆ. ನಿಮಗೆ ಅದರ ಅಗತ್ಯವೇ ಇಲ್ಲ. ನಿಮ್ಮ ಕಂಪನಿಯ ಬಿಲ್ಲಿಂಗ್ ಲೆಕ್ಕವನ್ನೇ ಡೇಟಾಬೇಸ್ ಮಾಡಿ, ವೈವಾದಲ್ಲಿ (ಮೌಖಿಕ ಪರೀಕ್ಷೆ) ಏನು ಕೇಳಿದ್ರೂ ಬಾಯಲ್ಲೇ ಇರುತ್ತೆ. ಒಂದೇ ಮಾತು, ಸಿನಾಪ್ಸಿಸ್‌ಗೆ (ಪ್ರಾಜೆಕ್ಟಿನ ರೂಪರೇಖೆ) ಒಪ್ಪಿಗೆ ಬರೋ ಮುಂಚೆ ಕೋಡ್ ಶುರು ಮಾಡಬೇಡಿ.

ಹುಬ್ಬಳ್ಳಿಯಿಂದ:
ನಾ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಾಗ ಮಾಡೀನ್ರಿ ಅಣ್ಣಾರ. ಎರಡು ಮಕ್ಕಳು, ಮ್ಯಾಲೆ ನೌಕರಿ. ಪರೀಕ್ಷಾ ಬಂದಾಗ ರಜಾ ಕೇಳಿದ್ರ ಸಾಹೇಬ್ರು ಮಾರಿ ಗಂಟ್ ಹಾಕ್ತಾರ, ಅದಕ್ಕ ವರ್ಷದ ಮೊದಲಿಗೇ ಸೀಎಲ್ ಎಣಿಸಿ ಇಟ್ಕೋರಿ. ಯಾವ ವಿವಿ ಆದ್ರೂ ನೀವು ಸೇರೋ ವರ್ಷಕ್ಕ, ನೀವು ತಗೊಳ್ಳೋ ಕೋರ್ಸಿಗೆ ಯುಜಿಸಿ ಮಾನ್ಯತಾ ಐತೋ ಇಲ್ಲೋ ನೋಡಿಕೊಂಡ ಸೇರ್ರಿ. ಮೈಸೂರಿನ ಈ ಮುಕ್ತ ವಿವಿದೂ ನಡುವ ಮಾನ್ಯತಾ ಹೋಗಿ 2018ಕ್ಕ ತಿರುಗಿ ಬಂತು. ಆವಾಗ ಸಿಕ್ಕೊಂಡ ಹುಡುಗರ ಪಾಡು ನೋಡೀವ್ರಿ.

ಎಚ್‌ಆರ್ ವಿಭಾಗದಲ್ಲಿರುವವರೊಬ್ಬರು:
ದೂರಶಿಕ್ಷಣದ ಪದವಿ ಅಂದ್ರೆ ಈಗಲೂ ಮೂಗು ಮುರಿಯುವ ಕಂಪನಿಗಳಿವೆ, ಸುಳ್ಳು ಹೇಳಲ್ಲ. ಆದ್ರೆ ಮಾನ್ಯತೆ ಇರೋ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮದು ಇದ್ದ ಕಂಪನಿಯಲ್ಲೇ ಪ್ರಮೋಷನ್ ತಾನೇ? ಹಾಗಿದ್ರೆ ದೂರಶಿಕ್ಷಣದ ಪದವಿ ನಡೆಯುತ್ತೆ ಅಂತ ಅವರಿಂದ ಈಗಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ, ಮ್ಯಾನೇಜರ್ ಬದಲಾಗ್ತಾರೆ.

ಶಿವಮೊಗ್ಗದಿಂದ:
ಹಳೆ ಎರಡು ವರ್ಷದ ಅಂಕ ಹೊಸ ಕಡೆ ಜಮಾ ಆಗುತ್ತೆ ಅಂತ ಲೆಕ್ಕ ಹಾಕ್ಕೊಂಡು ಕೂರಬೇಡಿ. ಮೊದಲು ಹಳೆ ವಿವಿಯಲ್ಲಿ ನಿಮ್ಮ ನೋಂದಣಿ ಇನ್ನೂ ಜೀವಂತ ಇದೆಯಾ ವಿಚಾರಿಸಿ. ಇಲ್ಲ ಅಂದ್ರೆ ಹೊಸದಾಗಿ ಸೇರೋದೇ ನೆಮ್ಮದಿ. ಇನ್ನೊಂದು: ದೂರಶಿಕ್ಷಣಕ್ಕೆ ಈಗ ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ್ದು) ಬೇಕು, ಅದಕ್ಕೆ ಎಬಿಸಿ ಐಡಿ (ಕಲಿಕೆಯ ಕ್ರೆಡಿಟ್ ಜಮಾ ಇಡೋ ಖಾತೆ) ಬೇಕು, ಅದಕ್ಕೆ ಆಧಾರ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್ಲು, ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ, ನಮ್ಮ ಕಡೆ ಅರ್ಧ ಜನರದ್ದು ಹೀಗೇ. ಅಡ್ಮಿಷನ್ ಶುರುವಾಗೋ ಮುಂಚೆ ಅದನ್ನ ಸರಿ ಮಾಡಿಸಿಕೊಳ್ಳಿ.